ಮಳೆ ಬಾರದ ಊರಿನ ಬೂಸ್ಟು

ಕೆಲವು ವರ್ಷಗಳ ಹಿಂದಿನ ಮಾತು. ಮುಹರ್ರಕ್‌ನ ಹಳೆಯ ಗಲ್ಲಿಯೊಂದರಲ್ಲಿ ಬಾಡಿಗೆಗಿದ್ದ, ನಮ್ಮ ಕರಾವಳಿ ಕಡೆಯ ಕುಟುಂಬವೊಂದು ತಮ್ಮ ಏಳು ವರ್ಷದ ಮಗನನ್ನು ನನ್ನ ಬಳಿಗೆ ಕರೆತರುತ್ತಿತ್ತು. ಹುಡುಗನಿಗೆ ರಾತ್ರಿ ಕೆಮ್ಮು. ಬೇಸಿಗೆ ರಜೆ ಮುಗಿಸಿ ಊರಿನಿಂದ ಮರಳಿದ ಒಂದೆರಡು ವಾರದಲ್ಲಿ ಶುರುವಾದರೆ ನವೆಂಬರ್ ಕಳೆಯುವವರೆಗೂ ಬಿಡುತ್ತಿರಲಿಲ್ಲ. ‘ಹವೆ ಬದಲಾಗಿದೆ, ಧೂಳು ಬೇರೆ’ ಎಂದು ಮೊದಲ ವರ್ಷ ಸಮಾಧಾನ ಹೇಳಿದೆ. ಎರಡನೆಯ ವರ್ಷ ಇನ್‌ಹೇಲರ್ ಬರೆದುಕೊಟ್ಟೆ. ಮೂರನೆಯ ವರ್ಷ ಚೌತಿಯ ಊಟಕ್ಕೆ ಅವರ ಮನೆಗೆ ಹೋಗಿದ್ದೆ. ಹುಡುಗ ತನ್ನ ಹೊಸ ಕ್ರಿಕೆಟ್ ಬ್ಯಾಟ್ ತೋರಿಸಲು ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಕಪಾಟಿನ ಬಾಗಿಲು ತೆರೆದ. ಒಳಗಿನಿಂದ ಬಂದದ್ದು ಆಷಾಢದಲ್ಲಿ ನಮ್ಮ ಹಳ್ಳಿಮನೆಯ ಮರದ ಪೆಟ್ಟಿಗೆ ತೆರೆದಾಗ ಬರುತ್ತಿದ್ದ ಅದೇ ಮುಗ್ಗಲು ವಾಸನೆ.

ಹುಡುಗನ ತಂದೆ ಮತ್ತು ನಾನು ಸೇರಿ ಕಪಾಟನ್ನು ಗೋಡೆಯಿಂದ ಸರಿಸಿದೆವು. ನೆಲದಿಂದ ಸೊಂಟದೆತ್ತರಕ್ಕೆ ಗೋಡೆ ಕಪ್ಪಾಗಿತ್ತು. ಹುಡುಗನ ಮಂಚದ ತಲೆಭಾಗ ಅಲ್ಲಿಂದ ಎರಡೇ ಅಡಿ ದೂರ. ತಾಯಿ ಹೇಳಿದರು: “ಪ್ರತಿ ವರ್ಷ ಊರಿನಿಂದ ಬಂದಾಗ ಹೀಗೇ ಇರ್ತದೆ ಡಾಕ್ಟ್ರೇ. ಕ್ಲೋರಾಕ್ಸ್ ಹಾಕಿ ಒರೆಸ್ತೇನೆ, ಕಿಟಕಿ ತೆರೆದಿಟ್ಟು ಗಾಳಿ ಆಡಿಸ್ತೇನೆ. ತಿಂಗಳಲ್ಲಿ ಪುನಃ ಬರ್ತದೆ. ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ನಾನು ಕೇಳಿರಲಿಲ್ಲ ಎಂಬುದು ನಿಜ. ಮೂರು ವರ್ಷ ಆ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದೆ. ಮಲಗುವ ಕೋಣೆ ಹೇಗಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಬೀಳದ ಈ ದ್ವೀಪದಲ್ಲಿ ಬೂಸ್ಟು ಎಲ್ಲಿಂದ ಬರಬೇಕು ಎಂಬ ಭಾವನೆ ನನ್ನಲ್ಲಿಯೂ ಇತ್ತು. ನಾನು ಹುಟ್ಟಿ ಬೆಳೆದ ಕಾರ್ಕಳದ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಬೂಸ್ಟು ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಇಲ್ಲಿ ಅದು ಬೇರೆ ದಾರಿಯಿಂದ ಬರುತ್ತದೆ. ಆ ದಾರಿ ಗೊತ್ತಿಲ್ಲದೆ ಊರಿನ ಮದ್ದನ್ನೇ ಇಲ್ಲಿಯೂ ಮಾಡಿದರೆ ರೋಗ ಹೆಚ್ಚುತ್ತದೆ. ನಿವೃತ್ತಿಯ ಬಳಿಕ ಈ ವಿಷಯವನ್ನು ಓದಿ, ಹಲವು ಮನೆಗಳನ್ನು ನೋಡಿ ತಿಳಿದುಕೊಂಡದ್ದನ್ನು ಸಂಘದ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬೂಸ್ಟು ಎಂದರೆ ಏನು?

ನಾವು ಬೂಸ್ಟು, ಬೂಸರು, ಮುಗ್ಗು ಎಂದೆಲ್ಲ ಕರೆಯುವುದು ಶಿಲೀಂಧ್ರಗಳ ಬೆಳವಣಿಗೆಯನ್ನು. ಇವುಗಳ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು ಮತ್ತು ಎಲ್ಲ ಕಡೆಯ ಗಾಳಿಯಲ್ಲಿಯೂ ಇರುತ್ತವೆ. ಬೀಜಾಣುವೇ ಇಲ್ಲದ ಮನೆ ಜಗತ್ತಿನಲ್ಲಿಲ್ಲ. ಬೀಜಾಣು ಮೊಳೆತು ಹಬ್ಬಲು ಮೂರು ವಸ್ತುಗಳು ಬೇಕು: ಹಿತವಾದ ಉಷ್ಣತೆ, ಆಹಾರ, ನೀರು. ನಮಗೆ ಹಿತವೆನಿಸುವ ಉಷ್ಣತೆ ಅದಕ್ಕೂ ಹಿತವೇ. ಆಹಾರವೆಂದರೆ ಮರ, ಕಾಗದ, ಜಿಪ್ಸಮ್ ಬೋರ್ಡಿನ ಮೇಲಿನ ಕಾಗದದ ಪದರ, ವಾಲ್‌ಪೇಪರಿನ ಅಂಟು, ಬಟ್ಟೆ, ಚರ್ಮ, ಕೊನೆಗೆ ಗೋಡೆಯ ಮೇಲೆ ಕುಳಿತ ಧೂಳು ಕೂಡ. ಇವೆರಡನ್ನೂ ಮನೆಯಿಂದ ಹೊರಹಾಕಲು ಸಾಧ್ಯವಿಲ್ಲ. ನಮ್ಮ ಕೈಯಲ್ಲಿರುವುದು ನೀರು ಮಾತ್ರ. ಬೂಸ್ಟು ವಾಸ್ತವವಾಗಿ ನೀರಿನ ಕಾಯಿಲೆ. ಗೋಡೆಯ ಮೇಲಿನ ಕಪ್ಪು ಅದರ ಲಕ್ಷಣ. ಜ್ವರದ ಮೂಲ ಹುಡುಕದೆ ಪ್ಯಾರಾಸಿಟಮಾಲ್ ಕೊಡುತ್ತಾ ಹೋದರೆ ಹೇಗೋ, ನೀರಿನ ಮೂಲ ಹುಡುಕದೆ ಗೋಡೆ ಒರೆಸುವುದೂ ಹಾಗೆಯೇ.

ಸಮುದ್ರದ ಹತ್ತಿರದ ಈ ಊರಿನಲ್ಲಿ ಇನ್ನೊಂದು ಗೊಂದಲವಿದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿಯಂತೆ ಏಳುವುದೆಲ್ಲ ಬೂಸ್ಟಲ್ಲ. ನೆಲದ ತೇವ ಗೋಡೆಯೊಳಗೆ ಏರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿ ಉಪ್ಪು ಹೊರಗೆ ಹೂವಿನಂತೆ ಉಳಿಯುತ್ತದೆ. ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಕರಗಿ ಮಾಯವಾದರೆ ಉಪ್ಪು. ಕರಗದೆ ನಿಂತರೆ, ಮುಗ್ಗಲು ವಾಸನೆಯೂ ಇದ್ದರೆ ಬೂಸ್ಟು. ಉಪ್ಪು ಉಸಿರಾಟಕ್ಕೆ ಕೇಡಲ್ಲ, ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಮಳೆಯಿಲ್ಲದೆ ನೀರು ಎಲ್ಲಿಂದ ಬಂತು?

ಸೋರುವ ಪೈಪು, ಮೇಲಿನ ಫ್ಲ್ಯಾಟಿನ ಬಚ್ಚಲಿನಿಂದ ಇಳಿಯುವ ನೀರು, ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿರುವುದು, ಇವು ಎಲ್ಲರಿಗೂ ಗೊತ್ತಿರುವ ಕಾರಣಗಳು. ಮಳೆ ಅಪರೂಪವಾದ್ದರಿಂದ ಇಲ್ಲಿನ ಮಾಳಿಗೆಗಳ ಬಿರುಕು ವರ್ಷಗಟ್ಟಲೆ ತಿಳಿಯುವುದಿಲ್ಲ. 2024ರ ಏಪ್ರಿಲ್ ಮಧ್ಯದಲ್ಲಿ ಕೊಲ್ಲಿ ದೇಶಗಳಲ್ಲೆಲ್ಲ ಭಾರಿ ಮಳೆ ಸುರಿದಾಗ ಎಷ್ಟೋ ಮನೆಗಳಿಗೆ ಅದು ಒಮ್ಮೆಲೇ ಗೊತ್ತಾಯಿತು.

ಆದರೆ ಇಲ್ಲಿಗೇ ವಿಶೇಷವಾದ ಕಾರಣ ಗಾಳಿಯಲ್ಲಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸುತ್ತಲಿನ ಆಳವಿಲ್ಲದ ಸಮುದ್ರ ಬಿಸಿಯಾಗಿ ಆವಿ ಎಬ್ಬಿಸುತ್ತದೆ. ಸ್ಥಳೀಯರು ‘ರುತೂಬಾ’ ಎನ್ನುವ, ಕನ್ನಡಕದ ಗಾಜು ಮಂಜಾಗುವ ದಿನಗಳು ಇವೇ. ಸೇತುವೆಯಾಚೆಗಿನ ಸೌದಿಯ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಡ್ಯೂ ಪಾಯಿಂಟ್ 35 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಭೂಮಿಯ ಮೇಲೆ ದಾಖಲಾದ ಅತಿ ಹೆಚ್ಚಿನ ಡ್ಯೂ ಪಾಯಿಂಟುಗಳಲ್ಲಿ ಅದೂ ಒಂದು.

ಡ್ಯೂ ಪಾಯಿಂಟ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಇದನ್ನು ಇಬ್ಬನಿ ಬಿಂದು ಎನ್ನಬಹುದು. ಗಾಳಿ ಯಾವ ಉಷ್ಣತೆಗೆ ಇಳಿದಾಗ ತನ್ನಲ್ಲಿರುವ ಆವಿಯನ್ನು ಹಿಡಿದಿಡಲಾರದೆ ನೀರಾಗಿ ಬಿಡುತ್ತದೋ ಅದೇ ಇಬ್ಬನಿ ಬಿಂದು. ಆಗಸ್ಟಿನ ಒಂದು ಸಂಜೆ ಹೊರಗೆ 35 ಡಿಗ್ರಿ ಇದೆ, ಸಾಪೇಕ್ಷ ಆರ್ದ್ರತೆ ಶೇಕಡಾ 70 ಇದೆ ಎಂದಿಟ್ಟುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 29 ಡಿಗ್ರಿ. ಅಂದರೆ 29ಕ್ಕಿಂತ ತಣ್ಣಗಿರುವ ಯಾವ ವಸ್ತುವಿಗೆ ತಾಗಿದರೂ ಅಲ್ಲಿ ನೀರು ಕೂರುತ್ತದೆ. ನಮ್ಮ ಮನೆಯೊಳಗೆ ಎಸಿ 22ಕ್ಕೋ 24ಕ್ಕೋ ಓಡುತ್ತಿರುತ್ತದೆ. ಗೋಡೆ, ಕಪಾಟು, ಹಾಸಿಗೆ, ಪುಸ್ತಕ ಎಲ್ಲವೂ 29ಕ್ಕಿಂತ ತಣ್ಣಗೇ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಒದ್ದೆಯಾಗುವಂತೆ ಇಡೀ ಕೋಣೆ ಒದ್ದೆಯಾಗುತ್ತದೆ. ವ್ಯತ್ಯಾಸವೇನೆಂದರೆ ಬಾಟಲಿಯ ಮೇಲಿನ ಹನಿ ಕಾಣುತ್ತದೆ, ಗೋಡೆ ಅದನ್ನು ಹೀರಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ಅಂಥ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 28 ಗ್ರಾಂ ನೀರಿರುತ್ತದೆ. 24 ಡಿಗ್ರಿಗೆ ತಣ್ಣಗಾದ ಗಾಳಿ ಹೆಚ್ಚೆಂದರೆ 22 ಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಒಂದು ಮಲಗುವ ಕೋಣೆಯಲ್ಲಿ ಹೊರಗಿನ ಗಾಳಿ ಒಮ್ಮೆ ತುಂಬಿಕೊಂಡರೆ ಸುಮಾರು 200 ಗ್ರಾಂ, ಅಂದರೆ ಒಂದು ಲೋಟ ನೀರು, ಎಲ್ಲಾದರೂ ಇಳಿಯಲೇಬೇಕು. ಎಸಿ ಓಡುತ್ತಿದ್ದರೆ ಸ್ವಲ್ಪ ಅದರ ಕೊಳವೆಯಿಂದ ಹೊರಹೋಗುತ್ತದೆ. ಉಳಿದದ್ದು ಗೋಡೆಗೆ, ಬಟ್ಟೆಗೆ. ಕಿಟಕಿ ದಿನವಿಡೀ ತೆರೆದಿದ್ದರೆ ಎಷ್ಟು ಲೋಟವಾಯಿತು?

ಹುಡುಗನ ತಾಯಿ ಮಾಡುತ್ತಿದ್ದದ್ದು ಇದನ್ನೇ. ಆಕೆ ಉದಾಸೀನ ಮಾಡಿದವರಲ್ಲ, ಚೊಕ್ಕಟದ ಗೃಹಿಣಿ. ‘ತೇವವಾದರೆ ಕಿಟಕಿ ತೆರೆ’ ಎಂಬ ಊರಿನ ಪಾಠವನ್ನು ಶ್ರದ್ಧೆಯಿಂದ ಪಾಲಿಸಿದ್ದರು. ಊರಿನಲ್ಲಿ ಮನೆಯ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ. ಗಾಳಿ ಆಡಿದಷ್ಟೂ ಒದ್ದೆ ಆರುತ್ತದೆ. ಎಸಿ ಹಾಕಿದ ಮನೆಯಲ್ಲಿ, ರುತೂಬಾದ ದಿನ, ಕಿಟಕಿಯಿಂದ ಒಳಬರುವುದು ನೀರೇ.

ಹಳೆಯ ಮನೆಗಳು ಹೇಗೆ ಬದುಕಿದವು?

ಹಾಗಾದರೆ ಎಸಿ ಇಲ್ಲದ ಕಾಲದಲ್ಲಿ ಮುಹರ್ರಕ್‌ನ ಜನ ಹೇಗಿದ್ದರು? ಇಲ್ಲಿನ ಶೇಖ್ ಈಸಾ ಬಿನ್ ಅಲಿ ಮನೆಯನ್ನು ನಮ್ಮಲ್ಲಿ ಬಹಳ ಮಂದಿ ನೋಡಿರಬಹುದು. ಸಮುದ್ರದಿಂದ ತೆಗೆದ ಹವಳದ ಕಲ್ಲು, ಜಿಪ್ಸಮ್ಮಿನ ಗಾರೆ, ನಡುವೆ ಅಂಗಳ, ಮೇಲೆ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗಾಳಿಗೋಪುರ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮುತ್ತಿನ ದಾರಿಯಲ್ಲಿರುವ ಸಿಯಾದಿ ಮನೆಯಂಥ ಕಟ್ಟಡಗಳೂ ಇದೇ ಬಗೆಯವು. ರಂಧ್ರಗಳಿರುವ ಆ ಗೋಡೆ ತೇವವನ್ನು ಹೀರುತ್ತಿತ್ತು, ಗಾಳಿ ಆಡಿದಾಗ ಬಿಟ್ಟುಕೊಡುತ್ತಿತ್ತು. ಒಳಗೆ ಇಬ್ಬನಿ ಕೂರುವಷ್ಟು ತಣ್ಣಗಿನ ಮೈ ಯಾವುದೂ ಇರಲಿಲ್ಲ.

ನಮ್ಮ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಹಂಚಿನ ಮಾಡಿನ ಮನೆಯೂ ಅದೇ ತತ್ವದ್ದು. ಹಂಚಿನ ಸಂದಿನಿಂದ ಗಾಳಿ ಹೋಗುತ್ತಿತ್ತು. ಅಡುಗೆಮನೆಯ ಹೊಗೆ, ಬಿಸಿ ಅಟ್ಟವನ್ನು ಒಣಗಿಸುತ್ತಿತ್ತು. ನನ್ನ ಅಮ್ಮ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲೇ ಹಾಸಿಗೆ, ಪುಸ್ತಕ, ಪಟ್ಟೆಸೀರೆ ಎಲ್ಲವನ್ನೂ ಅಂಗಳಕ್ಕೆ ಹಾಕಿ ಒಣಗಿಸಿ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಒಣಗಿದ್ದನ್ನು ಮಾತ್ರ ಮುಚ್ಚಿಡಬೇಕು ಎಂಬ ಆ ನಿಯಮ ಇಲ್ಲಿಗೂ ಸರಿ.

ನಾವು ಈಗ ಮಾಡಿರುವುದೇನು? ಉಸಿರಾಡುತ್ತಿದ್ದ ಗೋಡೆಗೆ ಸಿಮೆಂಟು ಮೆತ್ತಿ, ಮೇಲೆ ನೀರು ದಾಟದ ಬಣ್ಣವನ್ನೋ ವಿನೈಲ್ ವಾಲ್‌ಪೇಪರನ್ನೋ ಹಾಕಿ, ಒಳಗಿನಿಂದ ಎಸಿಯಲ್ಲಿ ತಣ್ಣಗೆ ಮಾಡಿದ್ದೇವೆ. ಹೊರಗಿನಿಂದ ಬರುವ ಆವಿ ವಾಲ್‌ಪೇಪರಿನ ಹಿಂದೆ ಸಿಕ್ಕಿಬಿದ್ದು ನೀರಾಗುತ್ತದೆ. ಅಲ್ಲಿ ಅಂಟೂ ಇದೆ, ಕತ್ತಲೂ ಇದೆ. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಹೊರಗೋಡೆಗೆ ವಾಲ್‌ಪೇಪರ್ ಹಚ್ಚಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ದೇಹಕ್ಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ತೇವ ಮತ್ತು ಬೂಸ್ಟಿರುವ ಮನೆಗಳಿಗೂ ಮೂಗು, ಗಂಟಲಿನ ತೊಂದರೆ, ಕೆಮ್ಮು, ಉಬ್ಬಸದ ಶಬ್ದ ಹಾಗೂ ಮೊದಲೇ ಆಸ್ತಮಾ ಇದ್ದು ಬೂಸ್ಟಿಗೆ ಅಲರ್ಜಿ ಇರುವವರಲ್ಲಿ ಅದು ಉಲ್ಬಣಿಸುವುದಕ್ಕೂ ಸಂಬಂಧವಿದೆ ಎಂದು ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಇಷ್ಟರವರೆಗೆ ಬೂಸ್ಟಿದ್ದರೆ ಅಪಾಯವಿಲ್ಲ ಎಂಬ ಗಡಿ ಅಂಕಿಯನ್ನು ಕೊಡಲಿಲ್ಲ. ತೇವವನ್ನೂ ಅದರಿಂದಾಗುವ ಬೆಳವಣಿಗೆಯನ್ನೂ ತಡೆಯುವುದೇ ದಾರಿ ಎಂದಿತು.

ಹೆಚ್ಚು ಎಚ್ಚರ ಬೇಕಾದವರು ಯಾರೆಂದರೆ ಎಳೆಯ ಮಕ್ಕಳು, ಆಸ್ತಮಾ ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು. ಕೊನೆಯ ಎರಡು ಗುಂಪಿನವರಿಗೆ ಆಸ್ಪರ್ಜಿಲಸ್‌ನಂಥ ಶಿಲೀಂಧ್ರ ಶ್ವಾಸಕೋಶವನ್ನೇ ಹೊಕ್ಕು ಜೀವಕ್ಕೆ ಅಪಾಯ ತರಬಹುದು. ಆರೋಗ್ಯವಂತರಲ್ಲಿ ಹಾಗಾಗುವುದು ತೀರ ವಿರಳ.

ಇನ್ನು ಅನಗತ್ಯ ಭಯದ ಬಗ್ಗೆ ಎರಡು ಮಾತು. 2021ರಲ್ಲಿ ಕೋವಿಡ್ ಸಮಯದಲ್ಲಿ ಭಾರತದಲ್ಲಿ ‘ಕಪ್ಪು ಶಿಲೀಂಧ್ರ’ ಎಂದು ಸುದ್ದಿಯಾದ ಮ್ಯೂಕರ್‌ಮೈಕೋಸಿಸ್ ಬೇರೆ ಕಾಯಿಲೆ. ಹತೋಟಿ ತಪ್ಪಿದ ಮಧುಮೇಹ, ಸ್ಟಿರಾಯ್ಡ್ ಬಳಕೆ ಇದ್ದವರನ್ನು ಅದು ಹೆಚ್ಚಾಗಿ ಕಾಡಿತು. ಅಲ್ಲಿ ಕಪ್ಪಾದದ್ದು ಸತ್ತ ಅಂಗಾಂಶ. ಗೋಡೆಯ ಕಪ್ಪು ಬಣ್ಣಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಎರಡನೆಯದು, ‘ವಿಷದ ಕಪ್ಪು ಬೂಸ್ಟು’ ಎಂದು ಕುಖ್ಯಾತವಾದ ಸ್ಟ್ಯಾಕಿಬಾಟ್ರಿಸ್. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1990ರ ದಶಕದಲ್ಲಿ ಶಿಶುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಇದನ್ನು ಶಂಕಿಸಿದ್ದರು. 2000ದಲ್ಲಿ ಮರುಪರಿಶೀಲನೆ ನಡೆಸಿದಾಗ ಆ ಸಂಬಂಧ ಸಿದ್ಧವಾಗಿಲ್ಲವೆಂದು ತಿಳಿಯಿತು. ಆದ್ದರಿಂದ ಬೂಸ್ಟಿನ ಜಾತಿ ತಿಳಿಯಲು ಹಣ ಕೊಟ್ಟು ಪರೀಕ್ಷೆ ಮಾಡಿಸಬೇಕಾಗಿಲ್ಲ. ಕಪ್ಪಿರಲಿ, ಹಸಿರಿರಲಿ, ಬಿಳಿಯಿರಲಿ, ಮಾಡಬೇಕಾದ ಕೆಲಸ ಒಂದೇ: ನೀರು ನಿಲ್ಲಿಸಿ, ಬೂಸ್ಟು ತೆಗೆಯಿರಿ.

ಶುಚಿ ಮಾಡುವ ಕ್ರಮ

ಮೊದಲು ನೀರಿನ ಮೂಲ ಸರಿಪಡಿಸಿ. ಅದಕ್ಕೆ ಮುಂಚೆ ಬಣ್ಣ ಬಳಿಯುವುದು, ಒರೆಸುವುದು ಎಲ್ಲ ವ್ಯರ್ಥ.

ಎರಡನೆಯದಾಗಿ ಅಳತೆ ನೋಡಿ. ಬೂಸ್ಟು ಹಿಡಿದ ಜಾಗ ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಕಡಿಮೆಯಿದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ, ಚರಂಡಿಯ ನೀರು ನುಗ್ಗಿದ್ದರೆ, ಎಸಿಯ ಡಕ್ಟಿನೊಳಗೆ ಹಬ್ಬಿದ್ದರೆ, ಕೆಲಸ ತಿಳಿದವರನ್ನೇ ಕರೆಯಬೇಕು.

ಮೂರನೆಯದಾಗಿ, ಆಸ್ತಮಾ ಅಥವಾ ಬೂಸ್ಟಿನ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸಕ್ಕೆ ಕೈ ಹಾಕಬಾರದು. ಮಕ್ಕಳನ್ನು ಮನೆಯಿಂದಲೇ ಹೊರಗೆ ಕಳುಹಿಸಿ. ಮಾಡುವವರು ಎನ್-95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಧರಿಸಬೇಕು. ಬಟ್ಟೆಯ ಮಾಸ್ಕ್ ಸಾಲದು.

ನಾಲ್ಕನೆಯದಾಗಿ, ಆ ಕೋಣೆಯ ಎಸಿ, ಫ್ಯಾನ್ ನಿಲ್ಲಿಸಿ. ಇಲ್ಲವಾದರೆ ಬೀಜಾಣುಗಳು ಮನೆಯೆಲ್ಲ ಹರಡುತ್ತವೆ. ಮನೆಯ ಕಡೆಯ ಬಾಗಿಲು ಮುಚ್ಚಿ, ಕೆಲಸ ಮುಗಿಯುವವರೆಗೆ ಮಾತ್ರ ಹೊರಗಿನ ಕಿಟಕಿ ತೆರೆಯಿರಿ. ಒಣ ಬ್ರಷ್‌ನಿಂದ, ಪೊರಕೆಯಿಂದ ಎಂದೂ ಉಜ್ಜಬೇಡಿ. ಮೊದಲು ಸಾಬೂನು ನೀರು ಸಿಂಪಡಿಸಿ ಒದ್ದೆ ಮಾಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಪೂರ್ತಿ ಒಣಗಿಸಿ. ಒಣಗಿಸುವುದೇ ಮುಖ್ಯ ಹಂತ. ಒರೆಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.

ಬ್ಲೀಚ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಾವೆಲ್ಲ ಯಾವ ಕಂಪನಿಯದ್ದಾದರೂ ‘ಕ್ಲೋರಾಕ್ಸ್’ ಎಂದೇ ಕರೆಯುತ್ತೇವೆ. ಬಚ್ಚಲಿನ ಟೈಲ್ಸ್‌ನಂಥ ನೀರು ಹೀರದ ಮೈಗೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರಿಗೆ ಒಂದು ಕಪ್ಪಿಗಿಂತ ಹೆಚ್ಚಿಲ್ಲದಂತೆ ಬೆರೆಸಿ ಬಳಸಬಹುದು. ಆದರೆ ಗಾರೆ, ಜಿಪ್ಸಮ್, ಮರದ ಮೇಲೆ ಅದು ಮಾಡುವುದು ಬಣ್ಣ ತೆಗೆಯುವ ಕೆಲಸವನ್ನಷ್ಟೆ. ಮೇಲೆ ಬೆಳ್ಳಗಾಗುತ್ತದೆ, ಒಳಗಿನ ಎಳೆಗಳು ಉಳಿಯುತ್ತವೆ, ಜೊತೆಗೆ ಬ್ಲೀಚಿನ ನೀರೂ ಗೋಡೆಯೊಳಗೆ ಸೇರುತ್ತದೆ. ಸತ್ತ ಬೂಸ್ಟು ಕೂಡ ಅಲರ್ಜಿ ಉಂಟುಮಾಡುತ್ತದೆ. ಹಾಗಾಗಿ ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ದಯವಿಟ್ಟು ಇದೊಂದನ್ನು ಮನೆಯಲ್ಲಿ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಹೇಳಿ: ಬ್ಲೀಚನ್ನು ಅಮೋನಿಯಾ ಇರುವ ಕ್ಲೀನರ್ ಜೊತೆ, ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನಿಗರ್ ಜೊತೆ ಎಂದಿಗೂ ಬೆರೆಸಬಾರದು. ಹೊರಡುವ ವಿಷಾನಿಲ ಶ್ವಾಸಕೋಶವನ್ನು ಸುಡುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಹೀಗೆ ಮಾಡಿ ಉಸಿರು ಕಟ್ಟಿ ಬಂದವರನ್ನು ನಾನು ನೋಡಿದ್ದೇನೆ.

ವಸ್ತುಗಳ ವಿಷಯದಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಬೂಸ್ಟು ಒಳಕ್ಕಿಳಿದ ಹಾಸಿಗೆ, ದಿಂಬು, ಕಾರ್ಪೆಟ್, ಜಿಪ್ಸಮ್ ಬೋರ್ಡ್, ಉಬ್ಬಿದ ಎಂಡಿಎಫ್ ಹಲಗೆ ಇವುಗಳನ್ನು ಉಳಿಸಿಕೊಳ್ಳಲು ಹೋಗಬೇಡಿ. ಹತ್ತಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿ. ರೇಷ್ಮೆ ಸೀರೆಯನ್ನು ಹೊರಗೆ, ನೆರಳಿನಲ್ಲಿ, ಗಾಳಿಯಾಡುವ ಒಣ ದಿನ ಹರಡಿ, ಪೂರ್ತಿ ಆರಿದ ಮೇಲೆ ಮಾಸ್ಕ್ ಧರಿಸಿ ಮೆತ್ತಗಿನ ಬ್ರಷ್‌ನಿಂದ ಕೊಡವಿ ಡ್ರೈಕ್ಲೀನಿಂಗಿಗೆ ಕೊಡಿ. ಪುಸ್ತಕಗಳಿಗೂ ಇದೇ ಕ್ರಮ, ಡ್ರೈಕ್ಲೀನಿಂಗ್ ಒಂದನ್ನು ಬಿಟ್ಟು!

ನೀರು ಚೆಲ್ಲಿದ, ಸೋರಿದ ಸಂದರ್ಭದಲ್ಲಿ ಸಮಯ ಬಹಳ ಮುಖ್ಯ. 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಬೂಸ್ಟು ಬರುವುದಿಲ್ಲ.

ಮತ್ತೆ ಬಾರದಂತೆ

ಆರ್ದ್ರತೆ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದನ್ನು ಮನೆಯಲ್ಲಿಡಿ. ಬೆಲೆ ಹೆಚ್ಚಿಲ್ಲ. ಥರ್ಮಾಮೀಟರ್ ಇಲ್ಲದೆ ಜ್ವರ ಅಳೆಯುವುದು ಹೇಗೋ, ಇದಿಲ್ಲದೆ ತೇವ ಅಳೆಯುವುದೂ ಹಾಗೆ. ಒಳಗಿನ ಆರ್ದ್ರತೆ ಶೇಕಡಾ 60 ಮೀರಬಾರದು, 30ರಿಂದ 50ರೊಳಗಿದ್ದರೆ ಉತ್ತಮ.

ಕಿಟಕಿಗೆ ಒಂದು ಸುಲಭ ಸೂತ್ರವಿದೆ. ಮೊಬೈಲಿನ ಹವಾಮಾನದ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ನೋಡಿ. ಅದು ನಿಮ್ಮ ಎಸಿಯ ಅಂಕಿಯ ಹತ್ತಿರವಿದ್ದರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಿಟಕಿ ಮುಚ್ಚಿರಲಿ. 15ರ ಆಸುಪಾಸು ಅಥವಾ ಕೆಳಗಿದ್ದರೆ ಧಾರಾಳವಾಗಿ ತೆರೆಯಿರಿ. ಚಳಿಗಾಲದ ಹೆಚ್ಚಿನ ಹಗಲುಗಳು, ಒಣ ಶಮಾಲ್ ಗಾಳಿ ಧೂಳಿಲ್ಲದೆ ಬೀಸುವ ದಿನಗಳು ಇದಕ್ಕೆ ಯೋಗ್ಯ.

ಎಸಿಯನ್ನು 18ಕ್ಕೆ ಇಳಿಸಿ ಬೇಗ ತಣ್ಣಗೆ ಮಾಡಿ ಆರಿಸುವುದಕ್ಕಿಂತ 24ರಲ್ಲಿ ಹೆಚ್ಚು ಹೊತ್ತು ಓಡಿಸುವುದು ಮೇಲು. ಕೋಣೆಗೆ ಮೀರಿದ ಟನ್ನಿನ ಎಸಿ ಗಾಳಿಯನ್ನು ಬೇಗ ತಂಪು ಮಾಡಿ ನಿಂತುಬಿಡುತ್ತದೆ. ಆವಿ ಹಿಂಡಿ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಫ್ಯಾನ್ ‘ಆಟೋ’ದಲ್ಲಿರಲಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡಿದರೆ ಒಳಗಿನ ಕಾಯಿಲ್ ಮೇಲಿನ ನೀರು ಪುನಃ ಕೋಣೆಗೇ ಬರುತ್ತದೆ. ‘ಡ್ರೈ’ ಎಂಬ ಗುಂಡಿ ಇದ್ದರೆ ರುತೂಬಾದ ದಿನಗಳಲ್ಲಿ ಬಳಸಿ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ. ನೀರಿನ ಕೊಳವೆಯಿಂದ ಹನಿ ಬೀಳುತ್ತಿದೆಯೇ ಎಂದು ನೋಡುತ್ತಿರಿ. ಆಗಸ್ಟಿನಲ್ಲಿ ಹನಿ ಬೀಳುತ್ತಿಲ್ಲವೆಂದರೆ ನೀರು ಬೇರೆಲ್ಲೋ ಹೋಗುತ್ತಿದೆ.

ಕಪಾಟು, ಮಂಚಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಅನ್ನ, ಇಡ್ಲಿ ಬೇಯುವಾಗ, ಸ್ನಾನದ ಬಳಿಕ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡಲಿ. ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಬಟ್ಟೆಯಲ್ಲಿದ್ದ ನೀರು ಮಾಯವಾಗಲಿಲ್ಲ, ನೀವು ಉಸಿರಾಡುವ ಗಾಳಿಗೆ ಬಂತು. ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಇರುವ ನಮ್ಮ ಕಾರ್ಮಿಕ ಬಂಧುಗಳಿಗೆ ಈ ಮಾತು ಪಾಲಿಸುವುದು ಕಷ್ಟ ಎಂಬುದು ನನಗೆ ಗೊತ್ತು. ಕನಿಷ್ಠ ಮಾಳಿಗೆಯ ಮೇಲೆ ಹಗ್ಗ ಕಟ್ಟುವ ವ್ಯವಸ್ಥೆಯನ್ನಾದರೂ ಕೇಳಿ ಪಡೆಯಲು ನಾವು ಅವರಿಗೆ ನೆರವಾಗಬಹುದು.

ರಜೆಗೆ ಊರಿಗೆ ಹೋಗುವ ಮುನ್ನ

ನಮ್ಮಂಥ ಕುಟುಂಬಗಳ ಮಟ್ಟಿಗೆ ಇದೇ ಅತಿ ಮುಖ್ಯ ಭಾಗ. ಶಾಲೆಗೆ ರಜೆ ಸಿಗುವುದು ರುತೂಬಾದ ತಿಂಗಳುಗಳಲ್ಲೇ. ಬೀಗ ಹಾಕಿ, ಮೈನ್ ಸ್ವಿಚ್ ಆರಿಸಿ ಎರಡು ತಿಂಗಳು ಊರಿಗೆ ಹೋದರೆ ಒಣಗಿಸುವವರು ಯಾರೂ ಇಲ್ಲದ ಆ ಬೆಚ್ಚಗಿನ ಕತ್ತಲ ಮನೆಯಲ್ಲಿ ಬೂಸ್ಟು ಸುಖವಾಗಿ ಬೆಳೆಯುತ್ತದೆ. ಹೊರಡುವ ವಾರ ಹೀಗೆ ಮಾಡಿ.

ಬಟ್ಟೆ, ಚಪ್ಪಲಿ, ಚೀಲ ಎಲ್ಲವನ್ನೂ ಪೂರ್ತಿ ಒಣಗಿಸಿದ ಮೇಲೆಯೇ ಕಪಾಟಿನಲ್ಲಿಡಿ. ಕಪಾಟಿನ, ಕೋಣೆಗಳ ಬಾಗಿಲು ತೆರೆದಿರಲಿ, ಹೊರಗಿನ ಕಿಟಕಿಗಳು ಭದ್ರವಾಗಿ ಮುಚ್ಚಿರಲಿ. ಫ್ರಿಜ್ ಖಾಲಿ ಮಾಡಿ ಆರಿಸಿದರೆ ಒರೆಸಿ ಬಾಗಿಲಿಗೆ ಒಂದು ಟವೆಲ್ ಸಿಕ್ಕಿಸಿ ತೆರೆದಿಡಿ. ನೀರಿನ ಮುಖ್ಯ ನಲ್ಲಿ ಬಂದ್ ಮಾಡಿ. ಮನೆಯ ನಡುಭಾಗದಲ್ಲಿ ಒಂದು ಡಿಹ್ಯುಮಿಡಿಫೈಯರ್ ಇಟ್ಟು ಅದರ ನೀರಿನ ಕೊಳವೆಯನ್ನು ಬಚ್ಚಲಿಗೆ ಬಿಟ್ಟು 55ಕ್ಕೆ ಹೊಂದಿಸಿ. ಅದಿಲ್ಲದಿದ್ದರೆ ಒಂದು ಎಸಿಯನ್ನಾದರೂ ದಿನಕ್ಕೆ ಕೆಲವು ಗಂಟೆ ‘ಡ್ರೈ’ನಲ್ಲಿ ಓಡುವಂತೆ ಟೈಮರ್ ಹಾಕಿ. ಕರೆಂಟಿನ ಬಿಲ್ ಬರುತ್ತದೆ, ನಿಜ. ಕಪಾಟು, ಹಾಸಿಗೆ, ಔಷಧಿಯ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಮುಚ್ಚಿದ ಸಣ್ಣ ಪೆಟ್ಟಿಗೆಗಳಿಗೆ ಸರಿ, ಇಡೀ ಕೋಣೆಗೆ ಅವು ಸಾಲವು. ಎಲ್ಲಕ್ಕಿಂತ ಮಿಗಿಲಾಗಿ, ಬೀಗದಕೈ ಒಂದನ್ನು ಇಲ್ಲಿಯೇ ಇರುವ ನೆಂಟರಿಗೋ ಸ್ನೇಹಿತರಿಗೋ ಕೊಟ್ಟು ವಾರಕ್ಕೊಮ್ಮೆ ನೋಡಲು ಹೇಳಿ. ಮುಂದಿನ ವರ್ಷ ಅವರ ಮನೆ ನೀವು ನೋಡಿಕೊಂಡರಾಯಿತು. ಸಂಘ ಇರುವುದು ಇಂಥದ್ದಕ್ಕೂ ಹೌದು.

ಬಾಡಿಗೆಯ ಗೋಡೆ, ನಮ್ಮ ಮಗು

ನಮ್ಮಲ್ಲಿ ಹೆಚ್ಚಿನವರದು ಬಾಡಿಗೆ ಮನೆ. ಗೋಡೆ ನಮ್ಮದಲ್ಲ, ದೂರು ಹೇಳಿದರೆ ಮಾಲೀಕರಿಗೆ ಬೇಸರವಾದೀತು ಎಂಬ ಸಂಕೋಚದಲ್ಲಿ ಸುಮ್ಮನಿರುತ್ತೇವೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಸುಡಾನಿನಿಂದ ಬಂದ ಕುಟುಂಬವೊಂದು ಇತ್ತು. ಫ್ಲ್ಯಾಟಿನಲ್ಲಿ ಬೂಸ್ಟಿದೆ ಎಂದು ತಂದೆ 2017ರಲ್ಲಿಯೇ ತಿಳಿಸಿದ್ದರು. ಬಣ್ಣ ಬಳಿಯಿರಿ ಎಂಬ ಉತ್ತರ ಬಂತು. ಆ ಕುಟುಂಬದ ಬದುಕುವ ರೀತಿಯೇ ಕಾರಣವಿರಬೇಕು ಎಂಬ ಊಹೆಯೂ ಇತ್ತು. ಅವರ ಮಗು ಅವಾಬ್ ಇಶಾಕ್ 2020ರ ಡಿಸೆಂಬರಿನಲ್ಲಿ, ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಮನೆಯ ಬೂಸ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣೆ ತೀರ್ಮಾನಿಸಿತು. ಮರುವರ್ಷ ಅಲ್ಲಿನ ಕಾನೂನಿನಲ್ಲಿ, ಸಾಮಾಜಿಕ ವಸತಿಯ ಮಾಲೀಕರು ಇಂಥ ದೂರನ್ನು ನಿಗದಿತ ಅವಧಿಯೊಳಗೆ ಸರಿಪಡಿಸಬೇಕೆಂಬ ಅಂಶ ಸೇರಿತು. ಅದನ್ನು ಆ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ.

ಅಂಥ ಸಾವು ಅತ್ಯಂತ ವಿರಳ, ಹೆದರಿಸಲು ಹೇಳಿದ್ದಲ್ಲ. ಸಂಕೋಚ ಬಿಡಿ ಎಂದು ಹೇಳಿದೆ. ಸೋರಿಕೆ ಕಂಡ ದಿನವೇ ದಿನಾಂಕ ಸಹಿತ ಫೋಟೋ ತೆಗೆದು ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಮಗುವಿನ ಕೆಮ್ಮಿಗೆ ಡಾಕ್ಟರರ ಬಳಿಗೆ ಹೋದಾಗ, ಅವರು ಕೇಳದಿದ್ದರೂ ಮನೆಯ ತೇವದ ಬಗ್ಗೆ ನೀವೇ ಹೇಳಿ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಬೂಸ್ಟು ಹಿಡಿದ ಕಪಾಟು ಹೊರಹೋಯಿತು. ಗೋಡೆಯ ಹಳೆಯ ಬಣ್ಣ ಕೆರೆದು ಒಣಗಿಸಿ ಮತ್ತೆ ಬಳಿದರು. ಮುಂದಿನ ರಜೆಗೆ ಹೋಗುವಾಗ ಡಿಹ್ಯುಮಿಡಿಫೈಯರ್ ಓಡುತ್ತಿತ್ತು, ಬೀಗದಕೈ ನನ್ನಲ್ಲಿತ್ತು. ಆ ಸೆಪ್ಟೆಂಬರಿನಲ್ಲಿಯೂ ಇನ್‌ಹೇಲರ್ ನಿಲ್ಲಿಸಲಿಲ್ಲ, ಡಾಕ್ಟರರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಆದರೆ ರಾತ್ರಿ ಕೆಮ್ಮಿ ಏಳುವುದು ತೀರ ಕಡಿಮೆಯಾಯಿತು. ಮಕ್ಕಳು ಬೆಳೆದಂತೆ ಆಸ್ತಮಾ ತಾನಾಗಿಯೂ ತಗ್ಗುವುದುಂಟು. ಒಂದು ಮಗುವಿನ ಅನುಭವದಿಂದ ಸಿದ್ಧಾಂತ ಮಾಡಲಾಗದು ಎಂಬುದು ವೈದ್ಯನಾಗಿ ನನಗೆ ಗೊತ್ತು. ಆದರೂ ಅಂದಿನಿಂದ, ಕೆಮ್ಮೆಂದು ಬಂದ ಯಾವ ಮಗುವನ್ನು ನೋಡುವಾಗಲೂ ಸ್ಟೆತಸ್ಕೋಪ್ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ: “ಮಗು ಮಲಗುವ ಕೋಣೆಯ ಗೋಡೆ ಹೇಗಿದೆ?”

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನೀವೂ ಒಮ್ಮೆ ಮಗುವಿನ ಕೋಣೆಗೆ ಹೋಗಿ ಕಪಾಟು ಸರಿಸಿ ನೋಡಿ. ಗೋಡೆ ಒಣಗಿದ್ದರೆ ಸಂತೋಷ.